ಮಾತಿನ ಮುಯ್ಯಿ

ಮಗಳ ಕಿವಿಯೊಳಗೆ ಕೂತು ಮಾತಾಡುವ ಹೆಂಗಸು ಯಾರೆಂದು ಒಂದು ಸಲ ತಿಳಿದುಬಿಟ್ಟರೆ ಸಾಕು, ಮಿಕ್ಕದ್ದನ್ನು ತಾನು ನೋಡಿಕೊಳ್ಳುತ್ತೇನೆ ಎಂಬ ಧೈರ್ಯ ಚನ್ನಾಜಮ್ಮನಿಗಿತ್ತು. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ, ಗೂಡು ಕೊಂಡು ನೂಲು ತೆಗೆಯುವ ರೀಲರುಗಳಿಗೆ ಬಾಯಿಗೆ ಬಾಯಿ ಕೊಟ್ಟು ಗೆದ್ದು ಬಂದವಳು ಆಕೆ. ಗೂಡಿನ ರಾಶಿಯಲ್ಲಿ ಕೈಯಾಡಿಸಿ ಮೂಗು ಮುರಿದವರು ಆಕೆಯ ಬಾಯಿ ಕೇಳಿದ ಮೇಲೆ ಮೂಗನ್ನು ಸರಿಮಾಡಿಕೊಂಡು ಮುಂದಿನ ರಾಶಿಗೆ ಹೋಗುತ್ತಿದ್ದರು. ಎದುರಿಗೆ ನಿಂತವಳನ್ನಾದರೆ ಬೈದು ಓಡಿಸಬಹುದು. ಕಾಣದವಳನ್ನು ಓಡಿಸುವುದು ಹೇಗೆ?

ಜಯಂತಿ ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗ ಆ ಹೆಂಗಸು ಬಂದಳು. ತಟ್ಟೆಯ ಮುಂದೆ ಕೂತ ಹುಡುಗಿ ತುತ್ತು ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿ ತಲೆ ಓರೆ ಮಾಡುತ್ತಿದ್ದಳು. ಯಾರೋ ಕರೆದಂತೆ ಎದ್ದು ಹೋಗುತ್ತಿದ್ದಳು. ಒಂದು ದಿನ ಹಿಪ್ಪುನೇರಳೆ ತೋಟದಾಚೆಯ ನಾಲೆಯ ಏರಿಯ ಮೇಲೆ ಸಿಕ್ಕಳು. ಇನ್ನೊಂದು ದಿನ ನಾಲೆಯ ಮೆಟ್ಟಿಲ ಮೇಲೆ, ಪಾದಗಳನ್ನು ನೀರಿನಲ್ಲಿ ಇಟ್ಟುಕೊಂಡು. ‘ಎದ್ದು ಹೋಗು ಅಂತಾಳೆ’ ಎಂದಷ್ಟೇ ಹೇಳಿದಳು. ಅವಳು ಯಾರು, ಹೇಗಿದ್ದಾಳೆ ಎಂದರೆ ಬಾಯಿ ಬಿಡಲಿಲ್ಲ. ಆಸ್ಪತ್ರೆಯವರು ಕೊಟ್ಟ ಮಾತ್ರೆಗಳು ಆ ದನಿಯನ್ನು ದೂರ ತಳ್ಳಿದವು, ಹೊರಗೆ ಹಾಕಲಿಲ್ಲ.

ಕೇಳಿದವರಿಗೆಲ್ಲ ಚನ್ನಾಜಮ್ಮ ‘ತಲೆನೋವು’ ಎನ್ನುತ್ತಿದ್ದಳು. ಲೋಕದಲ್ಲಿ ಈ ಕಾಯಿಲೆ ತನ್ನ ಮನೆಯೊಂದರ ಬಾಗಿಲನ್ನೇ ತಟ್ಟಿದೆ ಎಂದುಕೊಂಡಿದ್ದಳು. ಊರಿಗೆ ಬರುವ ಆಶಾ ಕಾರ್ಯಕರ್ತೆ ಒಂದು ದಿನ ಜಗಲಿಯ ಮೇಲೆ ಕೂತು, ತಾಲ್ಲೂಕು ಆಸ್ಪತ್ರೆಯ ಹಳೇ ಕಟ್ಟಡದಲ್ಲಿ ಇಂಥ ಮನೆಯವರೆಲ್ಲ ವಾರಕ್ಕೊಮ್ಮೆ ಸೇರುತ್ತಾರೆ, ಕಾಯಿಲೆಯವರೂ ಬರುತ್ತಾರೆ, ಮನೆಯವರೂ ಬರುತ್ತಾರೆ ಎಂದಳು.

“ಸೇರ್ಕಂಡು ಏನ್ ಮಾಡ್ತಾರೆ?”

“ಮಾತಾಡ್ತಾರೆ ಕಣಕ್ಕ.”

“ಮಾತಿಂದ ವಾಸಿಯಾಗಂಗಿದ್ರೆ ನಮ್ಮನೆಗೆ ಕಾಯ್ಲೆನೇ ಬರ್ತಿರ್ಲಿಲ್ಲ ಬುಡು,” ಎಂದು ಮೂಲೆಯಿಂದ ಗಂಡ ಬೋರಯ್ಯ ಹೇಳಿದ. ಅವನು ದಿನಕ್ಕೆ ಆಡುವ ನಾಲ್ಕು ಮಾತಿನಲ್ಲಿ ಒಂದು ಹೀಗೆ ಹೆಂಡತಿಯ ಮೇಲೆ ಖರ್ಚಾಗುತ್ತಿತ್ತು.

ಆಶಾ ಕಾರ್ಯಕರ್ತೆ ಇನ್ನೊಂದು ಮಾತು ಸೇರಿಸಿದಳು. ಅಲ್ಲಿಗೆ ಹೊಸದೊಂದು ಯಂತ್ರ ಬಂದಿದೆಯಂತೆ. ತಲೆಯೊಳಗಿನ ದನಿಯನ್ನು ಹೊರಗಿದ್ದವರಿಗೂ ಕೇಳಿಸುತ್ತದಂತೆ.

ಚನ್ನಾಜಮ್ಮ ಮುಂದಿನ ಕೂಟಕ್ಕೇ ಮಗಳನ್ನು ಕರೆದುಕೊಂಡು ಹೊರಟಳು.

ಆ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಒಳಗೆ ಕಾಲಿಡುತ್ತಲೇ ಚನ್ನಾಜಮ್ಮ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಎದುರಿನ ಕುರ್ಚಿಯಲ್ಲಿ ಮುನೀರ್ ಪಾಷಾ ಕೂತಿದ್ದ. ರೀಲರು. ಹೋದ ಬೆಳೆಯ ಗೂಡನ್ನು ಹರಾಜಿನಲ್ಲಿ ಕೂಗುವಾಗ ಅವನಿಗೂ ಇವಳಿಗೂ ಆಗಿದ್ದ ಜಗಳಕ್ಕೆ ಮಾರುಕಟ್ಟೆಯೇ ನೆರೆದಿತ್ತು. ಅವನೂ ಇವಳನ್ನು ಕಂಡು ಗೋಡೆಯ ಕ್ಯಾಲೆಂಡರ್ ಓದತೊಡಗಿದ. ಪಕ್ಕದಲ್ಲಿ ಕೂತ ಅವನ ಹೆಂಡತಿ ಖುರ್ಷಿದ್‌ಗೆ ಇದಾವುದೂ ಗೊತ್ತಿರಲಿಲ್ಲ. “ಬನ್ನಿ ಅಕ್ಕಾ, ಕುಂತ್ಕೊಳ್ಳಿ. ಇಲ್ಲಿ ಯಾರೂ ಯಾರಿಗೂ ಏನೂ ಅನ್ನಲ್ಲ,” ಎಂದು ಜಾಗ ಮಾಡಿಕೊಟ್ಟಳು. ಬೇರೆ ಮನೆಯವರೂ ಇದ್ದರು. ಇಷ್ಟೊಂದು ಜನವೇ! ಚನ್ನಾಜಮ್ಮನಿಗೆ ಎದೆಯ ಮೇಲಿನ ಕಲ್ಲು ಒಂದಿಷ್ಟು ಜರುಗಿದಂತಾಯಿತು.

ಕೂಟ ನಡೆಸುವ ಡಾಕ್ಟರ್ ವಿನುತಾ ವಯಸ್ಸಿನಲ್ಲಿ ಚಿಕ್ಕವಳು. ಯಂತ್ರ ಅವಳ ಸಂಶೋಧನೆಯದೇ. ಹಣೆಯಿಂದ ಕಿವಿಯ ಹಿಂದಿನವರೆಗೆ ಬರುವ ಒಂದು ಪಟ್ಟಿ, ಅದರೊಳಗೆ ಸೂಕ್ಷ್ಮವಾದ ತಂತಿಗಳು.

“ನಾವು ಏನನ್ನಾದರೂ ಕೇಳಿಸಿಕೊಂಡಾಗ ಮಿದುಳಿನ ಒಂದು ಭಾಗದಲ್ಲಿ ಅಲೆ ಏಳುತ್ತೆ,” ಎಂದು ವಿವರಿಸಿದಳು. “ಮೊದಲು ಪಟ್ಟಿ ಕಟ್ಟಿ ಬಸ್ಸಿನ ಹಾರ್ನ್, ಹಸುವಿನ ಕೂಗು, ಜನರ ಮಾತು ಎಲ್ಲ ಕೇಳಿಸ್ತೀವಿ. ಯಾವ ಸದ್ದಿಗೆ ಯಾವ ಅಲೆ ಅಂತ ಯಂತ್ರ ಕಲಿಯುತ್ತೆ. ಆಮೇಲೆ ಹೊರಗೆ ಸದ್ದೇ ಇಲ್ಲದಾಗಲೂ ಅಲೆ ಎದ್ದರೆ, ಅದನ್ನೇ ಸದ್ದಾಗಿ ತಿರುಗಿಸಿ ಕೊಡುತ್ತೆ. ಕೇಳೋರಿಗೆ ಅದು ಸುಳ್ಳಲ್ಲ ಅಮ್ಮ. ಅವರ ಮಿದುಳಿಗೆ ನಿಜವಾಗಿಯೂ ಕೇಳಿಸ್ತಾ ಇರುತ್ತೆ. ಒಬ್ಬರೇ ಕೇಳೋದು ಬಹಳ ಕಷ್ಟ. ನಾಲ್ಕು ಜನ ಜೊತೆಗೆ ಕೂತು ಕೇಳಿದ್ರೆ ಭಾರ ಸ್ವಲ್ಪ ಇಳಿಯುತ್ತೆ.”

ಯಂತ್ರ ಕಲಿಯುವವರೆಗೆ ಜಯಂತಿ ಕೆಲವು ವಾರ ಬಂದು ಸುಮ್ಮನೆ ಪಟ್ಟಿ ಕಟ್ಟಿಕೊಂಡು ಕೂತಳು. ಕೊನೆಗೆ ಡಾಕ್ಟರು, “ನಿಮ್ಮ ಒಪ್ಪಿಗೆ ಇಲ್ಲದೆ ಯಾರಿಗೂ ಕೇಳಿಸಲ್ಲ ಜಯಂತಿ. ಏನಂತೀರಿ?” ಎಂದು ಕೇಳಿದಾಗ ಹುಡುಗಿ ತಾಯಿಯ ಕಡೆ ನೋಡಿದಳು.

“ಬ್ಯಾಡ ಕಣವ್ವ. ನೀನು ಕೇಳ್ಬ್ಯಾಡ.”

“ಯಾಕ್ ಬ್ಯಾಡ? ಅವಳಾ ನಾನಾ, ಇವತ್ತು ಒಂದು ಆಗೇ ಹೋಗ್ಲಿ. ಹೂಂ ಅನ್ನು ಕೂಸೇ.”

ಜಯಂತಿ ತನ್ನ ಬೆರಳುಗಳನ್ನು ನೋಡುತ್ತಾ ಹೂಂ ಎಂದಳು.

ಕೋಣೆಯಲ್ಲಿ ಫ್ಯಾನು ನಿಲ್ಲಿಸಿದರು. ಮೇಜಿನ ಮೇಲಿನ ಸ್ಪೀಕರಿನಲ್ಲಿ ಮೊದಲು ಮರಳು ಸುರಿದಂಥ ಸದ್ದು. ಆಮೇಲೆ ಆ ಸದ್ದಿನ ತಳದಿಂದ ಒಂದು ದನಿ ಎದ್ದಿತು. ಗಡುಸಾದ ಹೆಣ್ಣುದನಿ.

“ಏನ್ ಕುಂತಿದ್ದೀಯೆ? ಏನಕ್ಕೂ ಬಾರದೋಳೆ. ಎದ್ದು ಹೋಗು. ಈ ಮನೇಲಿ ನಿಂಗೇನೈತೆ? ಎದ್ದೇಳು, ಎದ್ದು ಹೋಗು.”

ದನಿ ಅದನ್ನೇ ಮತ್ತೆ ಹೇಳಿತು, ತಾಳ್ಮೆಯಿಂದ, ಮಗುವಿಗೆ ಪಾಠ ಹೇಳಿಕೊಡುವಂತೆ. ಜಯಂತಿ ಕಣ್ಣು ಮುಚ್ಚಿಕೊಂಡಿದ್ದಳು. ಖುರ್ಷಿದ್ ಮೆಲ್ಲಗೆ ತಿರುಗಿ ಚನ್ನಾಜಮ್ಮನನ್ನು ನೋಡಿದಳು. ಅವಳಾಚೆಯವರೂ ನೋಡಿದರು.

ಚನ್ನಾಜಮ್ಮನ ಮೈ ಉರಿದುಹೋಯಿತು. “ಯಾವಳೇ ಅವಳು? ನಮ್ಮೂರ ಮಾತೇ ಆಡ್ತಾಳಲ್ಲ! ಗಂಟಲು ನೋಡು, ಹರಿದ ತಮಟೆ ಬಡ್ದಂಗೆ. ಇಂಥ ಗಂಟಲಿನೋಳು ನನ್ನ ಮಗೀನ ತಲೇಲಿ ಕುಂತ್ಕಂಡು... ಡಾಕ್ಟ್ರಮ್ಮಾ, ಇವಳು ಯಾರು ಅಂತ ಯಂತ್ರ ಹೇಳಲ್ವಾ?”

ಡಾಕ್ಟರ್ ವಿನುತಾಳ ಮುಖ ಬಿಳಿಚಿತ್ತು. “ಇವತ್ತಿಗೆ ಸಾಕು,” ಎಂದು ಗುಂಡಿಗೆ ಕೈ ಹಾಕಿದಳು.

“ಯಾಕ್ ಸಾಕು? ಯಾರು ಅಂತ ಹೇಳ್ಬುಡಿ. ನಮ್ಮತ್ತೆ ಗಂಟಲಲ್ಲ, ನಂಗೊತ್ತು. ಇದು ಯಾವಳೋ—”

“ಅಮ್ಮಾ,” ಎಂದ ಮುನೀರ್ ಪಾಷಾ. ಅವನು ಈಗ ಕ್ಯಾಲೆಂಡರ್ ನೋಡುತ್ತಿರಲಿಲ್ಲ. “ತಪ್ಪು ತಿಳೀಬೇಡಿ. ಮಾರ್ಕೆಟ್‌ನಾಗೆ ನನಗೆ ಬೈದಿದ್ದು ಇದೇ ಗಂಟಲು.”

ಅವನ ಮಾತು ಚನ್ನಾಜಮ್ಮನಿಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅವಳು ಮಗಳ ಕಡೆ ತಿರುಗಿದಳು. ಅಲ್ಲ ಎನ್ನುತ್ತಾಳೆ ಎಂದು ಕಾದಳು. ಜಯಂತಿ ಕಣ್ಣು ತೆರೆಯಲೇ ಇಲ್ಲ. ಸ್ಪೀಕರಿನೊಳಗಿಂದ, ಗುಂಡಿ ಒತ್ತುವ ಮುಂಚೆ, ಇನ್ನೊಂದು ಸಲ ಚನ್ನಾಜಮ್ಮ ಚನ್ನಾಜಮ್ಮನ ಮಗಳಿಗೆ ಎದ್ದು ಹೋಗು ಎಂದಳು.

ಒಳಗಿನ ಗಾಜಿನ ಕೋಣೆಗೆ ಕರೆದೊಯ್ದು ಡಾಕ್ಟರು ಸಮಾಧಾನ ಹೇಳಿದಳು. ನಮ್ಮ ದನಿ ನಮಗೆ ತಲೆಯ ಮೂಳೆಯ ಮೂಲಕವೂ ಕೇಳಿಸುತ್ತದೆ, ಹೊರಗಿಂದ ಕೇಳಿದರೆ ಯಾರಿಗೂ ತಟ್ಟನೆ ಗುರುತು ಸಿಗುವುದಿಲ್ಲ. ಕಾಯಿಲೆ ನಿಮ್ಮಿಂದ ಬಂದದ್ದಲ್ಲ. ಮಿದುಳು ಮಾತು ಕಟ್ಟುವಾಗ ತನಗೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿರುವ ದನಿಯನ್ನು ಎತ್ತಿಕೊಳ್ಳುತ್ತದೆ, ಅಷ್ಟೇ. ಹೊಟ್ಟೆಯಲ್ಲಿದ್ದಾಗಿನಿಂದ ಕೇಳಿದ ದನಿ ತಾನೇ? ದನಿ ನಿಮ್ಮದು, ಮಾತು ನಿಮ್ಮದಲ್ಲ.

ಚನ್ನಾಜಮ್ಮ ತಲೆಯಾಡಿಸಿದಳು. ಆದರೆ ‘ಏನಕ್ಕೂ ಬಾರದೋಳೆ’ ಎಂದು ತಾನು ಎಂದೂ ಅಂದೇ ಇಲ್ಲವೇ ಎಂದು ಹುಡುಕುತ್ತಾ ಹೋದರೆ ನೆನಪಿನ ಯಾವ ಮೂಲೆಯೂ ಖಾಲಿ ಇರಲಿಲ್ಲ. ಸೊಪ್ಪು ತಡವಾಗಿ ತಂದಾಗ, ತಟ್ಟೆ ಜಾರಿ ಬಿದ್ದಾಗ, ಊರಿನ ಎಲ್ಲ ತಾಯಂದಿರೂ ಅನ್ನುವಂತೆ ಅವಳೂ ಅಂದಿದ್ದಳು. ಅಂದು, ಮರೆತು, ಮುಂದಿನ ಕೆಲಸಕ್ಕೆ ಹೋಗಿದ್ದಳು.

ಅಂದು ಮನೆಗೆ ಬಂದವಳು ಬಾಯಿಗೆ ಬೀಗ ಹಾಕಿಕೊಂಡಳು.

ಮನೆಯಲ್ಲಿ ಸಾಕಿದ್ದ ರೇಷ್ಮೆಹುಳು ನಾಲ್ಕನೆಯ ಜ್ವರದಿಂದ ಎದ್ದಿದ್ದವು. ಪೊರೆ ಬಿಡುವುದಕ್ಕೆ ತಲೆಯೆತ್ತಿ ಕದಲದೆ ಕೂರುವುದನ್ನು ಆ ಕಡೆಯವರು ಜ್ವರ ಎನ್ನುತ್ತಾರೆ. ಕೊನೆಯ ಜ್ವರ ಬಿಟ್ಟ ಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಸಾಕುವ ಮನೆಯಲ್ಲಿ ಅವು ತಿನ್ನುವ ಸದ್ದು ದೂರದ ಮಳೆಯ ಹಾಗೆ ಒಂದೇ ಸಮ. ಮೊದಲೆಲ್ಲ ಆ ಸದ್ದಿನ ಮೇಲೆ ಚನ್ನಾಜಮ್ಮನ ದನಿ ಸವಾರಿ ಮಾಡುತ್ತಿತ್ತು. ಈಗ ಸದ್ದೊಂದೇ ಉಳಿಯಿತು. ಸೊಪ್ಪು ಬೇಕಾದರೆ ಕೈ ಮಾಡಿ ತೋರಿಸುತ್ತಿದ್ದಳು. ಮಗಳಿಗೆ ಹೇಳಬೇಕಾದ್ದನ್ನು ಬೋರಯ್ಯನ ಕಿವಿಯಲ್ಲಿ ಪಿಸುಗುಟ್ಟಿ ಅವನ ಬಾಯಿಂದ ಹೇಳಿಸುತ್ತಿದ್ದಳು.

“ಊಟಕ್ಕೆ ಬರ್ಬೇಕಂತೆ,” ಎನ್ನುತ್ತಿದ್ದ ಬೋರಯ್ಯ, ಬೇರೆ ಊರಿನಿಂದ ಸುದ್ದಿ ತಂದವನಂತೆ.

ತನ್ನ ದನಿ ಇಲ್ಲದೆ ಹೋದರೆ ಆ ದನಿಯೂ ಸೊರಗುತ್ತದೆ ಎಂದು ಅವಳ ಲೆಕ್ಕ. ಆದದ್ದೇ ಬೇರೆ. ಮನೆಯಲ್ಲಿ ಚನ್ನಾಜಮ್ಮನ ದನಿ ಅಂತ ಉಳಿದದ್ದು ಜಯಂತಿಯ ತಲೆಯೊಳಗಿನದು ಮಾತ್ರ. ಹುಡುಗಿ ಕೈಯಲ್ಲಿದ್ದ ಸೊಪ್ಪು ಹಾಗೇ ಹಿಡಿದು “ಆಂ?” ಎಂದು ತಿರುಗುತ್ತಿದ್ದಳು. “ಬಂದೆ ಕಣವ್ವ” ಎನ್ನುತ್ತಿದ್ದಳು. ಒಲೆಯ ಮುಂದೆ ಬಾಯಿ ಮುಚ್ಚಿ ಕೂತ ತಾಯಿಗೆ, ಪಕ್ಕದ ಕೋಣೆಯಲ್ಲಿ ಮಗಳು ತನ್ನ ಜೊತೆ ಮಾತಾಡುವುದು ಕೇಳಿಸುತ್ತಿತ್ತು. ಯಾರೋ ಬಂದು ತನ್ನ ಸೀರೆ ಉಟ್ಟು ತನ್ನ ಮನೆಯಲ್ಲಿ ಓಡಾಡುತ್ತಿರುವಂತೆ. ಅವಳು ಹೊರಳಿ ನೋಡುವುದಕ್ಕೂ ಹೆದರತೊಡಗಿದಳು.

ಒಂದು ಸಂಜೆ ಜಯಂತಿ ಅಪ್ಪನ ಹತ್ತಿರ ಬಂದು, “ಅಪ್ಪ, ಅವ್ವ ತೋಟದ ಕಡೀಂದ ಕರೆದ್ಲಾ?” ಎಂದು ಕೇಳಿದಳು. ಬೋರಯ್ಯ ಹುಳುವಿನ ತಟ್ಟೆಗಳ ಕಸ ಬಾಚುತ್ತಿದ್ದ. ಈಚೆಗೆ ತಾಯಿ ಮಗಳ ನಡುವೆ ಮಾತೇ ಇಲ್ಲ. ಮಗಳೇ ಅವ್ವನ ಹೆಸರೆತ್ತಿದಳಲ್ಲ ಎಂದು ಅವನಿಗೆ ಹಿಗ್ಗಾಯಿತು. ಚನ್ನಾಜಮ್ಮ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದುದೂ ನಿಜ. “ಹೂಂ ಮಗ, ಕರೆದ್ಲು. ಹೋಗು,” ಎಂದುಬಿಟ್ಟ.

ಚನ್ನಾಜಮ್ಮ ಸೊಪ್ಪಿನ ಹೊರೆ ಇಳಿಸಿ ಒಳಗೆ ಬಂದಾಗ ಮಗಳಿರಲಿಲ್ಲ.

ಸಿಕ್ಕಿದ್ದು ನಾಲೆಯಲ್ಲಿ. ಮೆಟ್ಟಿಲು ಇಳಿದು ಸೊಂಟದವರೆಗೆ ನೀರಿನಲ್ಲಿ ನಿಂತಿದ್ದಳು. ಬೋರಯ್ಯ ಧುಮುಕಿ ಹಿಡಿದುಕೊಂಡ. ಜಯಂತಿ ಕೊಸರಾಡಲಿಲ್ಲ. ಆಶ್ಚರ್ಯದಿಂದ ತಾಯಿಯನ್ನೇ ನೋಡಿದಳು. “ನೀನೇ ಕರೆದೆಯಂತಲ್ಲವ್ವ. ಅಪ್ಪನೂ ಹೂಂ ಅಂತು,” ಎಂದಳು.

ದಾರಿಯುದ್ದಕ್ಕೂ ಬೋರಯ್ಯ ಅಳುತ್ತಾ ಬಂದ. ಬಾಗಿಲಲ್ಲಿ ನಿಂತು ಹೆಂಡತಿಗೆ ಹೇಳಿದ: “ನಾನು ಸುಳ್ಳು ಹೇಳಿ ಕಳಿಸ್ದೆ. ನೀನು ಬಾಯಿ ಮುಚ್ಕಂಡು ಅವಳಿಗೆ ಜಾಗ ಬುಟ್ಕೊಟ್ಟೆ. ಇಬ್ರೂ ಸೇರಿ ಮಾಡುದ್ವು ಕಣೆ.” ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಆಕೆ ಅದುವರೆಗೆ ಕೇಳಿರಲಿಲ್ಲ.

ಮುಂದಿನ ಕೂಟದಲ್ಲಿ ಚನ್ನಾಜಮ್ಮ ಎಲ್ಲರ ಮುಂದೆ ನಡೆದದ್ದು ಹೇಳಿದಳು. ಯಾರೂ ಅಯ್ಯೋ ಎನ್ನಲಿಲ್ಲ. ಖುರ್ಷಿದ್ ಅವಳ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

“ಹಂಗಾರೆ ನಾನೇ ಅವಳನ್ನ ಬೈತೀನಿ,” ಎಂದಳು ಚನ್ನಾಜಮ್ಮ. ಡಾಕ್ಟರು ಪ್ರಯೋಗಕ್ಕೆ ಒಪ್ಪಿದಳು. ಜಯಂತಿಗೆ ಪಟ್ಟಿ ಕಟ್ಟಿ ತಾಯಿಯನ್ನು ಎದುರಿಗೆ ಕೂರಿಸಿ, ತಾನು ಗಾಜಿನಾಚೆ ಪರದೆಯ ಮೇಲೆ ಅಲೆಗಳನ್ನು ನೋಡುತ್ತಾ ಕೂತಳು. ದನಿ ಎದ್ದಿತು. “ಬುಟ್ಟು ತೊಲಗೇ ನನ್ನ ಮಗೀನ!” ಎಂದು ಚನ್ನಾಜಮ್ಮ ಅಬ್ಬರಿಸಿದಳು. ಪರದೆಯ ಮೇಲೆ ಎರಡು ಅಲೆಗಳು ಒಂದರೊಳಗೊಂದು ಸೇರಿ ಆಳೆತ್ತರ ಎದ್ದವು. ಜಯಂತಿ ಕಿವಿ ಮುಚ್ಚಿಕೊಂಡು ಬಗ್ಗಿಬಿಟ್ಟಳು. ಯಾವುದು ಒಳಗಿನದು, ಯಾವುದು ಹೊರಗಿನದು ಎಂದು ಯಂತ್ರಕ್ಕೇ ತಿಳಿಯಲಿಲ್ಲ, ಅವಳಿಗೆ ತಿಳಿಯುವುದೆಲ್ಲಿಂದ?

ಮುನೀರ್ ಪಾಷಾನ ಸರದಿಯೂ ಅಂದೇ ಇತ್ತು. ಅವನಿಗೆ ಕೇಳಿಸುವುದು ಸತ್ತುಹೋದ ಅಣ್ಣನ ದನಿ. ಅಪ್ಪನಿಲ್ಲದ ತಮ್ಮನನ್ನು ಸಾಕಿ, ನೂಲು ಬಿಚ್ಚುವ ಕೆಲಸ ಕಲಿಸಿದವನು. ಸ್ಪೀಕರಿನಲ್ಲಿ ಅವರ ಮನೆಮಾತಿನಲ್ಲಿ ಒಂದು ದೊಡ್ಡ ಗಂಡುದನಿ ಗದರತೊಡಗಿತು. ಖುರ್ಷಿದ್ ಥಟ್ಟನೆ ದುಪಟ್ಟಾ ತಲೆಯ ಮೇಲೆ ಎಳೆದುಕೊಂಡಳು.

“ಏನಂತಾನೆ?” ಎಂದಳು ಚನ್ನಾಜಮ್ಮ.

“ನೂಲು ಕಿತ್ತೋಯ್ತು, ಕಣ್ಣು ಕಾಣಲ್ವಾ, ನಿನ್ನ ಕೈಯಲ್ಲಿ ಏನಾಗುತ್ತೆ, ಸತ್ತೋಗು ಅಂತಾರೆ,” ಎಂದಳು ಖುರ್ಷಿದ್.

“ನೀನು ಸುಮ್ಕೆ ಕುಂತಿದ್ದೀಯಲ್ಲ? ಉತ್ರ ಕೊಡು.”

“ಹೆಂಗೆ ಕೊಡ್ಲಿ ಅಕ್ಕಾ? ಬದುಕಿದ್ದಾಗ್ಲೇ ಅವ್ರ ಮುಂದೆ ನಿಂತು ಮಾತಾಡಿಲ್ಲ ನಾನು.”

ಚನ್ನಾಜಮ್ಮ ಕುರ್ಚಿಯನ್ನು ಸ್ಪೀಕರಿನ ಕಡೆ ಎಳೆದುಕೊಂಡಳು. “ಏ ಯಜಮಾನ! ಯಾರ ಕೈಯ ಬಗ್ಗೆ ಮಾತಾಡ್ತೀಯ? ನಿನ್ನ ತಮ್ಮ ಗೂಡು ಮುಟ್ಟುದ್ರೆ ಸಾಕು, ಒಳಗಿನ ನೂಲು ಎಷ್ಟುದ್ದ ಅಂತ ಹೇಳ್ತಾನೆ. ಅದುಕ್ಕೇ ನಂಗೂ ಅವ್ನಿಗೂ ಜಗಳ ಬಂದಿದ್ದು. ಕಣ್ಣಿಲ್ದೋನ ಜೊತೆ ಜಗಳ ಆಡಕ್ಕೆ ನಂಗೇನು ಬ್ಯಾರೆ ಕೆಲ್ಸ ಇಲ್ವಾ? ಹೋದೋನು ಹೋದಲ್ಲಿ ತೆಪ್ಪಗಿರು!”

ಸ್ಪೀಕರಿನ ಗಂಡುದನಿ ನಡುವೆಯೇ ನಿಂತುಹೋಯಿತು. ಆಮೇಲೆ ಮುನೀರ್ ಪಾಷಾ ನಗತೊಡಗಿದ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. “ಅಣ್ಣ ಕನ್ನಡದಾಗೆ ಯಾವತ್ತೂ ಬೈಸ್ಕೊಂಡಿರ್ಲಿಲ್ಲ,” ಎಂದ. ಗಾಜಿನಾಚೆ ಡಾಕ್ಟರು ಎದ್ದು ನಿಂತಿದ್ದಳು. ಪರದೆಯ ಮೇಲಿನ ಅಲೆ ಮುರಿದು ಸಣ್ಣ ಸಣ್ಣ ಸುಕ್ಕಾಗಿತ್ತು.

“ಕಾರಣ ನನಗೂ ಪೂರ್ತಿ ಗೊತ್ತಿಲ್ಲ,” ಎಂದು ಹೊರಗೆ ಬಂದು ಒಪ್ಪಿಕೊಂಡಳು. “ಬೇರೆ ದನಿ, ಬೇರೆ ಮನೆ. ಮಿದುಳಿಗೆ ಇದನ್ನ ಅದರೊಳಗೆ ಸೇರಿಸೋಕ್ಕಾಗ್ತಿಲ್ಲ. ಆದ್ರೆ ದಿನಾ ಇಲ್ಲಿಗೆ ಬಂದು ಪಟ್ಟಿ ಕಟ್ಟಿಕೊಳ್ಳೋದು ಹೇಗೆ?”

“ಪಟ್ಟಿ ಯಾಕೆ?” ಎಂದಳು ಚನ್ನಾಜಮ್ಮ. “ಏನಂದ ಅಂತ ಅವ್ರೇ ಬಾಯಿ ಬುಟ್ಟು ಹೇಳುದ್ರೆ ಆಯ್ತು. ಉತ್ರ ನಾವು ಕೊಡಾನ. ನಿಮ್ಮೂರಲ್ಲಿ ಮುಯ್ಯಾಳು ಇಲ್ವಾ ಡಾಕ್ಟ್ರಮ್ಮ? ಇವತ್ತು ನಿಮ್ಮ ಗದ್ದೆ ನಾಟಿಗೆ ನಾನು ಬತ್ತೀನಿ, ನಾಳೆ ನನ್ನ ಗದ್ದೆಗೆ ನೀವು. ಕೂಲಿ ಇಲ್ಲ, ಹಂಗಿಲ್ಲ. ಇವಳ ಮನೆಯೋನಿಗೆ ನಾನು ಬಾಯಾಯ್ತೀನಿ. ನನ್ನ ಮಗೀಗೆ ಇವಳು ಆಗ್ಲಿ.”

ಎಲ್ಲರೂ ಜಯಂತಿಯ ಕಡೆ ನೋಡಿದರು. ಅವಳು ಮೆಲ್ಲಗೆ, “ಖುರ್ಷಿದಕ್ಕ ಬೈಯಾದು ಬ್ಯಾಡ. ಸುಮ್ನೆ ಇಲ್ಲ ಅನ್ಲಿ, ಸಾಕು,” ಎಂದಳು.

ಖುರ್ಷಿದ್ ಬಂದ ದಿನ ಹುಳು ಹಣ್ಣಾಗಿ, ಗೂಡು ಕಟ್ಟುವುದಕ್ಕೆ ಬಿದಿರಿನ ಚಂದ್ರಿಕೆಗೆ ಏರುತ್ತಿದ್ದವು. ಅಂಥ ಹೊತ್ತಿನಲ್ಲಿ ಹೊರಗಿನವರನ್ನು ಸಾಕುವ ಮನೆಯೊಳಗೆ ಬಿಡುವುದಿಲ್ಲ. ಸೋಂಕು ತಗುಲಿದರೆ ಇಡೀ ಬೆಳೆ ಹೋಗುತ್ತದೆ. ಅದೂ ಊರೂರಿನ ಗೂಡು ಬೇಯುವ ರೀಲರ್ ಮನೆಯಿಂದ ಬಂದವಳು. ಖುರ್ಷಿದ್‌ಗೂ ಅದು ಗೊತ್ತು. ಹೊಸಲಿನ ಹೊರಗೇ ನಿಂತಳು. ಒಳಗೆ ಜಯಂತಿ ಹಣ್ಣುಹುಳು ಆರಿಸುತ್ತಿದ್ದವಳು ತಟ್ಟನೆ ಕೈ ನಿಲ್ಲಿಸಿ ತಲೆ ಓರೆ ಮಾಡಿದಳು. ಚನ್ನಾಜಮ್ಮ ಅದನ್ನು ನೋಡಿದಳು. ಸುಣ್ಣದ ಪುಡಿ ತಂದು ಹೊಸಲಿನ ಮೇಲೆ ದಪ್ಪಗೆ ಸುರಿದು, “ಕಾಲು ಒರಸ್ಕಂಡು ಒಳಿಕ್ಕೆ ಬಾ. ಹೋದ್ರೆ ಒಂದು ಬೆಳೆ ಹೋಯ್ತದೆ, ಹೋಗ್ಲಿ,” ಎಂದಳು.

“ಏನಂದ್ರು ಅವ್ರು?” ಎಂದು ಖುರ್ಷಿದ್ ಜಯಂತಿಯ ಪಕ್ಕ ಕೂತು ಕೇಳಿದಳು.

“ಏನಕ್ಕೂ ಬಾರದೋಳು ಅಂತ.”

“ಇಲ್ಲಮ್ಮ,” ಎಂದಳು ಖುರ್ಷಿದ್, ಗೋಡೆಯ ಕಡೆ ತಿರುಗಿ, ಅತಿಥಿಯೊಬ್ಬರಿಗೆ ಹೇಳುವಷ್ಟು ಮರ್ಯಾದೆಯಿಂದ. “ಹಂಗಲ್ಲ. ಈ ಹುಡುಗಿ ಆರಿಸಿದ ಹುಳ ಒಂದೂ ಕೆಟ್ಟಿಲ್ಲ, ನೋಡಿ.”

ಚನ್ನಾಜಮ್ಮ ಬಾಗಿಲ ಬಳಿ ನಿಂತು ಕೇಳಿದಳು. ತನ್ನನ್ನೇ ಯಾರೋ ತನ್ನ ಮನೆಯಿಂದ ಗೌರವವಾಗಿ ಹೊರಗೆ ಕಳಿಸುತ್ತಿರುವಂತೆ ಅವಳಿಗೆ ಅನ್ನಿಸಿತು. ಆದರೂ ಅಡ್ಡ ಹೋಗಲಿಲ್ಲ.

ಮುಯ್ಯಿ ಹಾಗೆ ನಡೆಯಿತು. ಚನ್ನಾಜಮ್ಮ ರೀಲಿಂಗ್ ಮನೆಯ ಹಬೆಯಲ್ಲಿ ಕೂತು ಸತ್ತವನಿಗೆ ಉತ್ತರ ಕೊಟ್ಟು ಬರುತ್ತಿದ್ದಳು. ಖುರ್ಷಿದ್ ಬಂದು ಬದುಕಿರುವವಳ ದನಿಗೆ ಇಲ್ಲ ಎಂದು ಹೋಗುತ್ತಿದ್ದಳು. ಅಕ್ಕಪಕ್ಕದವರು ಏನೆಂದರೂ ಚನ್ನಾಜಮ್ಮ ‘ತಲೆನೋವು’ ಎನ್ನುವುದನ್ನು ಬಿಟ್ಟಳು. ಮನೆಯಲ್ಲಿ ಮತ್ತೆ ಮಾತಾಡಲು ಕಲಿತಳು, ಕಾಯಿಲೆಯಿಂದ ಎದ್ದವರು ನಡೆಯಲು ಕಲಿಯುವಂತೆ. ಆ ದನಿ ಹೋಗಲಿಲ್ಲ. ಹೋಗಬಹುದೆಂದು ಡಾಕ್ಟರೂ ಹೇಳಲಿಲ್ಲ. ಮಾತ್ರೆ ನುಂಗುತ್ತಾ, ಪಕ್ಕದ ಮನೆಯ ರೇಡಿಯೋದಂತೆ ಅದನ್ನು ಅದರಷ್ಟಕ್ಕೆ ಬಿಡುವುದನ್ನು ಜಯಂತಿ ರೂಢಿ ಮಾಡಿಕೊಳ್ಳುತ್ತಿದ್ದಳು.

ಗೂಡು ಬಿಡಿಸಿ ಮಾರುಕಟ್ಟೆಗೆ ಕಳಿಸಿದ ಮಧ್ಯಾಹ್ನ. ಬೋರಯ್ಯ ಗಾಡಿಯ ಜೊತೆ ಹೋಗಿದ್ದ. ಹುಳುವಿಲ್ಲದ ಮನೆಯಲ್ಲಿ ಮಳೆ ನಿಂತ ಮೇಲಿನ ಮೌನ. ಚನ್ನಾಜಮ್ಮ ಬರಿದಾದ ಚಂದ್ರಿಕೆಗಳನ್ನು ಗೋಡೆಗೆ ಒರಗಿಸುತ್ತಿದ್ದಳು. ಜಯಂತಿ ನೆಲ ಸಾರಿಸುತ್ತಿದ್ದವಳು ತಲೆಯೆತ್ತಿದಳು. ಅವಳ ಮುಖದಲ್ಲಿ ತಾಯಿ ಬಹಳ ಕಾಲದಿಂದ ಕಾಣದಿದ್ದ ಒಂದು ನಗುವಿತ್ತು.

“ಅವ್ವ, ಈಗ ‘ಉಂಡ್ಯಾ ಮಗ’ ಅಂದಿದ್ದು ನೀನೇನಾ?”

ಚನ್ನಾಜಮ್ಮನ ಕೈ ಚಂದ್ರಿಕೆಯ ಮೇಲೆ ನಿಂತಿತು. ಅವಳು ಏನೂ ಅಂದಿರಲಿಲ್ಲ. ಬೆಳಗಿನಿಂದ ಗೂಡಿನ ಗಡಿಬಿಡಿಯಲ್ಲಿ ಮಗಳು ಉಂಡಳೋ ಇಲ್ಲವೋ ಎಂಬುದು ಮನಸ್ಸಿಗೇ ಬಂದಿರಲಿಲ್ಲ. ತಾನು ಮರೆತದ್ದನ್ನು ಮಗಳ ಕಿವಿಯೊಳಗಿನವಳು ಕೇಳಿದ್ದಳು. ತನ್ನ ಗಂಟಲಿನಲ್ಲಿ, ತನಗಿಂತ ಮುಂಚೆ.

ಹೂಂ ಎಂದರೆ ಮುಗಿಯುತ್ತಿತ್ತು. ಆ ನಗು ಹಾಗೇ ಉಳಿಯುತ್ತಿತ್ತು. ಹೂಂ ಎನ್ನುವ ಮಾತು ನಾಲಗೆಯ ತುದಿಗೆ ಬಂದೂ ಬಂದಿತ್ತು. ಸೊಂಟದವರೆಗೆ ನೀರಿನಲ್ಲಿ ನಿಂತು ತನ್ನನ್ನು ನೋಡಿದ್ದ ಕಣ್ಣುಗಳೇ ಈಗಲೂ ನೋಡುತ್ತಿದ್ದವು.

“ಇಲ್ಲ ಮಗ,” ಎಂದಳು. “ನಾನಲ್ಲ. ನಾನು ಕೇಳ್ಲಿಲ್ಲ.”

ಜಯಂತಿಯ ನಗು ಮೆಲ್ಲಗೆ ಆರಿತು. ಖಾಲಿ ಕೋಣೆಯ ಮೂಲೆಯ ಕಡೆ ಒಮ್ಮೆ ನೋಡಿದಳು, ಅಲ್ಲಿ ಯಾರೋ ನಿಂತಿರುವಂತೆ. ಚನ್ನಾಜಮ್ಮನೂ ನೋಡಿದಳು. ಮಗಳು ಸಾರಣೆಯ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಕೈ ಒರೆಸಿಕೊಂಡು ತಾಯಿಯ ಎದುರು ಬಂದು ಕೂತಳು.

“ಹಂಗಾರೆ ಈಗ ನೀನು ಕೇಳು,” ಎಂದಳು.